ರೋಣಾಪುರದ ಡಾನ್, ನಮ್ಮೂರಿನ ಮಫ್ತಿ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂವರಿದ್ದೇವೆ. ಹೆಸರು ಹಿಡಿದು ಕರೆಯುವವರು ಕಡಿಮೆ. ಒಬ್ಬ ರೋಣ, ಒಬ್ಬ ನರಗುಂದ, ನಾನು ಗಜೇಂದ್ರಗಡ. "ಏ ನರಗುಂದ, ಲ್ಯಾಬ್ ರೆಕಾರ್ಡ್ ಕೊಡಲೇ" ಅಂತ ಯಾರಾದರೂ ಬಾಗಿಲಲ್ಲಿ ನಿಂತು ಕೂಗಿದರೆ ಒಂದು ತಾಲೂಕೇ ಎದ್ದು ಹೋಗಿ ರೆಕಾರ್ಡ್ ಕೊಟ್ಟು ಬರುತ್ತದೆ. ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘ ಒಂದು ಕಿರುಚಿತ್ರ ಮಾಡಬೇಕೆಂದಿದೆ. ಕಥೆ ಬರೆಯುವ ಕೆಲಸ ನಮ್ಮ ರೂಮಿಗೆ ಬಿದ್ದಿದೆ. ವೇಷ ಮರೆಸಿ ಒಂದು ಗ್ಯಾಂಗಿನ ಒಳಗೆ ಹೋಗುವ ಪೊಲೀಸನ ಕಥೆ ಅನ್ನೋದಕ್ಕೆ ಮೂವರೂ ಒಪ್ಪಿದ್ದೆವು. ಜಗಳ ಇದ್ದದ್ದು ಕೊನೆಯ ಸೀನಿನ ಮೇಲೆ.

ಹಾಗಾಗಿ ಇಂಟರ್ನಲ್ಸ್ ಮುಗಿದ ರಾತ್ರಿ, ಹೋಂವರ್ಕ್ ಅಂತ ಹೇಳಿಕೊಂಡು, 'ಮಫ್ತಿ' ಮತ್ತು 'ಭೈರತಿ ರಣಗಲ್' ಎರಡನ್ನೂ ಒಂದರ ಹಿಂದೊಂದು ಹಚ್ಚಿದೆವು. ರೋಣಾಪುರ ಅನ್ನುವ ಹೆಸರು ಬಂದ ಕೂಡಲೇ ನಮ್ಮ ರೋಣದವ ಹಾಸಿಗೆಯಿಂದ ಜಿಗಿದು ಸೀಟಿ ಹೊಡೆದ. "ನಮ್ಮೂರಪಾ ಅದು!" ಸಿನಿಮಾದ ರೋಣಾಪುರ ಕಲ್ಪನೆಯ ಊರು, ಗದಗ ಜಿಲ್ಲೆಯ ರೋಣಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ನಾವಿಬ್ಬರೂ ಹೇಳಿದೆವು. ಅವನು ಬಿಡಲಿಲ್ಲ. "ರೋಣದ ಹಳೇ ಹೆಸರು ದ್ರೋಣಪುರ. ದ್ರೋಣಾಚಾರ್ಯರ ಊರು. 'ದ್ರ' ಒಂದು ಬಿಟ್ರ ಎಲ್ಲಾ ಅದ ಐತಲ್ಲ?" ಅಂದ. ಆ ವಾದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆದರೆ ಸಿನಿಮಾ ಮುಗಿದ ಮೇಲೆ ಶುರುವಾದ ವಾದ ರಾತ್ರಿ ಎರಡರ ತನಕ ನಡೆಯಿತು. ಈ ಲೇಖನ ಅಂದರೆ ಅದೇ ವಾದ, ಸ್ವಲ್ಪ ಆರಿದ ಮೇಲೆ ಬರೆದದ್ದು.

ಮೊದಲು ಸಿನಿಮಾದ ಮಾತು. 'ಮಫ್ತಿ' ಬಂದದ್ದು 2017ರ ಡಿಸೆಂಬರ್ 1ಕ್ಕೆ. ನರ್ತನ್ ಅವರ ಮೊದಲ ನಿರ್ದೇಶನ. ಪೊಲೀಸ್ ಅಧಿಕಾರಿ ಗಣ, ಅಂದರೆ ಶ್ರೀಮುರಳಿ, ಗೂಂಡಾನಂತೆ ನಟಿಸುತ್ತ ಒಂದೊಂದೇ ಮೆಟ್ಟಿಲು ಹತ್ತಿ ಭೈರತಿ ರಣಗಲ್ ಎಂಬ ಡಾನ್ ಹತ್ತಿರ ಹೋಗುತ್ತಾನೆ. ರಣಗಲ್ ಶಿವರಾಜ್‌ಕುಮಾರ್. ಅವರು ತೆರೆಯ ಮೇಲೆ ಬರುವುದಕ್ಕೆ ಬಹಳ ಹೊತ್ತು ಕಾಯಬೇಕು. ಅಲ್ಲಿಯವರೆಗೆ ಬರೀ ಹೆಸರು, ಬರೀ ಹೆದರಿಕೆ. ಬಂದ ಮೇಲೂ ಕೂಗಾಟವಿಲ್ಲ. ಕಪ್ಪು ಅಂಗಿ, ಕಪ್ಪು ಪಂಚೆ, ಕಡಿಮೆ ಮಾತು. ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತ. ಈ ಸಿನಿಮಾ ತಮಿಳಿನಲ್ಲಿ 2023ರಲ್ಲಿ 'ಪತ್ತು ತಲ' ಆಯಿತು. 2024ರ ನವೆಂಬರ್‌ನಲ್ಲಿ ನರ್ತನ್ ಅವರೇ ರಣಗಲ್‌ನ ಹಿಂದಿನ ಕಥೆಯನ್ನು 'ಭೈರತಿ ರಣಗಲ್' ಅಂತ ತಂದರು. ಎರಡನ್ನೂ ನಾನು ಇಷ್ಟಪಟ್ಟೇ ನೋಡಿದ್ದೇನೆ. 'ಮಫ್ತಿ' ಬಂದಾಗ ಎಂಟನೇ ಕ್ಲಾಸಿನಲ್ಲಿದ್ದೆ. ಮನೆಯಲ್ಲಿದ್ದ ಅಪ್ಪನ ಹಳೇ ಕಪ್ಪು ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತವನು ನಾನು. ಹಾಗಾಗಿ ಇದು ಸಿನಿಮಾ ಬೈಯುವ ಲೇಖನ ಅಲ್ಲ.

ಮಫ್ತಿ ಅನ್ನುವ ಪದ ನಮಗೆ ಪೇಪರಿನಿಂದ ಗೊತ್ತು. "ಮಫ್ತಿಯಲ್ಲಿದ್ದ ಪೊಲೀಸರು ಮಟ್ಕಾ ಬರೆಯುತ್ತಿದ್ದವನನ್ನು ಹಿಡಿದರು" ಅಂತ ವಾರಕ್ಕೊಮ್ಮೆಯಾದರೂ ಒಂದು ಮೂಲೆಯಲ್ಲಿ ಸುದ್ದಿ ಇರುತ್ತದೆ. ಆದರೆ ಆ ಮಫ್ತಿ ಹತ್ತು ನಿಮಿಷದ್ದು. ಅಂಗಿ ಬದಲಿಸಿದರೆ ಮುಗಿಯಿತು. ಸಿನಿಮಾದ ಮಫ್ತಿ ವರ್ಷಗಟ್ಟಲೆಯದು. ಅಲ್ಲಿ ಅಂಗಿಯ ಜೊತೆ ಹೆಸರು, ಊರು, ಗೆಳೆತನ ಎಲ್ಲ ಬದಲಾಗಬೇಕು. ಕಷ್ಟ ಇರುವುದು ಆ ಗೆಳೆತನದಲ್ಲಿ. ಒಬ್ಬ ಮನುಷ್ಯ ನಿನ್ನನ್ನು ನಂಬಬೇಕು, ತನ್ನ ತಟ್ಟೆಯಲ್ಲಿ ನಿನಗೆ ರೊಟ್ಟಿ ಹಾಕಬೇಕು, "ಇವ ನಮ್ಮ ಹುಡುಗ" ಅಂತ ನಾಲ್ಕು ಮಂದಿ ಮುಂದೆ ಹೇಳಬೇಕು. ಆಮೇಲೆ ನೀನು ಅವನನ್ನು ಹಿಡಿದುಕೊಡಬೇಕು. ಅವನು ಕೆಟ್ಟವನು ನಿಜ. ಅವನು ನಿನ್ನನ್ನು ನಂಬಿದ್ದೂ ನಿಜ.

ಇದು ನಿಜವಾಗಿ ನಡೆದ ಉದಾಹರಣೆ ಇದೆ. ಅಮೆರಿಕದ ಎಫ್‌ಬಿಐನ ಜೋಸೆಫ್ ಪಿಸ್ಟೋನ್ 1976ರಲ್ಲಿ ಡಾನಿ ಬ್ರಾಸ್ಕೊ ಅನ್ನುವ ಕಳ್ಳ ಹೆಸರಿಟ್ಟುಕೊಂಡು, ಒಡವೆ ಕದಿಯುವವನ ವೇಷದಲ್ಲಿ ನ್ಯೂಯಾರ್ಕಿನ ಬೊನಾನೊ ಮಾಫಿಯಾದ ಒಳಗೆ ಹೋದರು. ಹೊರಗೆ ಬಂದದ್ದು 1981ರಲ್ಲಿ. ಅವರ ಸಾಕ್ಷಿಯಿಂದ 100ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಆದರೆ ಅವರನ್ನು ನಂಬಿ ಒಳಗೆ ಬಿಟ್ಟುಕೊಂಡಿದ್ದ ಸನ್ನಿ ಬ್ಲ್ಯಾಕ್ ಎಂಬಾತನನ್ನು ಅವನ ಗ್ಯಾಂಗಿನವರೇ ಅದೇ ವರ್ಷ ಕೊಂದರು. ನಂಬಿದ್ದೇ ಅವನ ತಪ್ಪು. 1997ರ 'ಡಾನಿ ಬ್ರಾಸ್ಕೊ' ಸಿನಿಮಾದಲ್ಲಿ ಜಾನಿ ಡೆಪ್ ಪೊಲೀಸ್, ಆಲ್ ಪಚೀನೊ ಅವನನ್ನು ಮಗನಂತೆ ನಂಬುವ ಮುದಿ ಗೂಂಡಾ. ಆ ಮುದುಕ ಒಳ್ಳೆಯವನಲ್ಲ, ಕೊಲೆಗಾರ. ಆದರೂ ಅವನ ಮುಖ ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಪೊಲೀಸ್ ಗೆದ್ದ, ಆದರೆ ಗೆದ್ದವನ ಮುಖದಲ್ಲಿ ಖುಷಿ ಇಲ್ಲ. 2002ರ ಹಾಂಕಾಂಗ್ ಸಿನಿಮಾ 'ಇನ್ಫರ್ನಲ್ ಅಫೇರ್ಸ್' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪೊಲೀಸ್ ಒಬ್ಬ ಗ್ಯಾಂಗಿನಲ್ಲಿ, ಗ್ಯಾಂಗಿನವ ಒಬ್ಬ ಪೊಲೀಸ್ ಇಲಾಖೆಯಲ್ಲಿ. ಅದನ್ನೇ ಮಾರ್ಟಿನ್ ಸ್ಕೋರ್ಸೆಸಿ 2006ರಲ್ಲಿ 'ದಿ ಡಿಪಾರ್ಟೆಡ್' ಮಾಡಿ ಆಸ್ಕರ್ ತಗೊಂಡರು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಈ ಕಥೆಗೆ ಎರಡು ದಾರಿ ರೂಢಿಯಾಗಿವೆ. ಮೊದಲನೆಯದು 2010ರ 'ಪೊರ್ಕಿ'ಯದು. ತೆಲುಗಿನ 'ಪೋಕಿರಿ'ಯ ರೀಮೇಕ್. ದರ್ಶನ್ ಸಿನಿಮಾ ಪೂರ್ತಿ ಗೂಂಡಾ, ಕೊನೆಗೆ ಗೊತ್ತಾಗುತ್ತದೆ ಆತ ಪೊಲೀಸ್ ಅಂತ. ಥಿಯೇಟರ್ ಕುಣಿಯುತ್ತದೆ. ಆದರೆ ಆ ಗುಟ್ಟನ್ನು ನಮ್ಮಿಂದಲೇ ಮುಚ್ಚಿಟ್ಟದ್ದರಿಂದ ಅವನ ಸಂಕಟ ನಮಗೆ ಕಾಣುವುದೇ ಇಲ್ಲ. ಹೊಡೆದದ್ದು, ಬಡಿದದ್ದು ಎಲ್ಲ ಒಂದೇ ಸಲ್ಯೂಟಿನಲ್ಲಿ ತೊಳೆದು ಹೋಗುತ್ತದೆ.

ಎರಡನೆಯದು 'ಮಫ್ತಿ'ಯ ದಾರಿ. ಇಲ್ಲಿ ಗುಟ್ಟು ನಮಗೆ ಗೊತ್ತು. ಗಣನ ಜೊತೆ ನಾವೂ ಒಳಗೆ ಹೋಗುತ್ತೇವೆ. ಸಂಕಟಕ್ಕೆ ಜಾಗ ಇದೆ. ಆದರೆ ಒಳಗೆ ಹೋದ ಮೇಲೆ ತಿಳಿಯುವುದೇನು? ರಣಗಲ್ ಕೆಟ್ಟವನಲ್ಲ, ಜನರ ಪಾಲಿಗೆ ದೇವರು. ಮುಗಿಯಿತು. ಡಾನ್ ದೇವರಾದರೆ ಗಣನಿಗೆ ತೊಂದರೆಯೇ ಇಲ್ಲ. ದೇವರನ್ನು ಯಾರು ಹಿಡಿದುಕೊಡುತ್ತಾರೆ? ಕೈ ಮುಗಿದರೆ ಸಾಕು. ನಂಬಿದವನಿಗೆ ದ್ರೋಹ ಮಾಡಬೇಕಾ, ಕಾನೂನಿಗೆ ದ್ರೋಹ ಮಾಡಬೇಕಾ ಅನ್ನುವ ಪ್ರಶ್ನೆಯನ್ನು ಇಷ್ಟು ಚೆಂದ ಎತ್ತಿ, ಉತ್ತರ ಕೊಡುವ ಹೊತ್ತಿಗೆ ಪ್ರಶ್ನೆಯನ್ನೇ ಅಳಿಸಿಬಿಟ್ಟರು ಅನ್ನೋದು ನನ್ನ ತಕರಾರು. ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆ ಬಂದಾಗ ಮೇಷ್ಟ್ರು ಎದ್ದು "ಇದು ಸಿಲೆಬಸ್‌ನಲ್ಲಿಲ್ಲ, ಎಲ್ಲರಿಗೂ ಫುಲ್ ಮಾರ್ಕ್ಸ್" ಅಂದಂಗೆ.

ಇಷ್ಟು ಹೇಳಿದ್ದಕ್ಕೆ ರೋಣದವನಿಗೆ ಸಿಟ್ಟು ಬಂತು. "ಲೇ, ಸರ್ಕಾರ ಊರಿಗೆ ನೀರು ಕೊಡಂಗಿಲ್ಲ, ಆಸ್ಪತ್ರಿ ಕೊಡಂಗಿಲ್ಲ. ಡಾನ್ ಕೊಟ್ರ ನಿನಗೇನು ಕಷ್ಟ? ನಮ್ಮ ಮನ್ಯಾಗ ಎಂಟು ದಿನಕ್ಕೊಮ್ಮೆ ನಳ ಬರತಿತ್ತು, ಗೊತ್ತೈತಿ ನಿನಗ?"

ಗೊತ್ತೈತಿ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ತಿರುಗುತ್ತವೆ, ಕೆಳಗೆ ನಮ್ಮವ್ವ ಕೊಡ ಹಿಡಿದುಕೊಂಡು ನಳದ ಮುಂದೆ ಕಾಯುತ್ತಿದ್ದಳು. ಅದಕ್ಕೇ 'ಭೈರತಿ ರಣಗಲ್' ನಮಗೆ ಅಷ್ಟು ಒಳಗೆ ನಾಟುವುದು. ಅದರಲ್ಲಿ ಊರಿಗೆ ಕುಡಿಯುವ ನೀರು ಕೇಳಿ ಕೇಳಿ ಸಾಕಾದ ಹುಡುಗ ಸರ್ಕಾರಿ ಕಚೇರಿಗೇ ಬಾಂಬ್ ಇಡುತ್ತಾನೆ, ಜೈಲಿನಲ್ಲಿ ವಕೀಲಿ ಓದುತ್ತಾನೆ, ಹೊರಗೆ ಬಂದು ವಕೀಲನಾಗಿ, ಕೊನೆಗೆ ಡಾನ್ ಆಗುತ್ತಾನೆ. ಕಾನೂನಿನಿಂದ ಆಗಲಿಲ್ಲ, ಅದಕ್ಕೇ ಹೀಗೆ ಅಂತ ಸಿನಿಮಾ ಹೇಳುತ್ತದೆ. ರೋಣದವ ಒಪ್ಪಿದ್ದು ಅದನ್ನೇ.

ಆಗ ಇಷ್ಟೊತ್ತೂ ಸುಮ್ಮನಿದ್ದ ನರಗುಂದದವ ಬಾಯಿ ಬಿಟ್ಟ. "ನೀರಿಗೆ ಡಾನ್ ಬೇಕಂತ ಯಾರಲೇ ಹೇಳಿದ್ದು? ನಮ್ಮಜ್ಜ ಹೊಲಾ ಮಾಡಾಂವ. ಅವ ಡಾನ್ ಅಲ್ಲ."

ಅವನು ಹೇಳುತ್ತಿದ್ದದ್ದು 1980ರ ಕಥೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು, ಕಾಲುವೆ ಬಂತು. ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರ ಕಟ್ಟಿರಿ ಅನ್ನುವ ನೋಟಿಸು ಬಂತು. ನರಗುಂದ, ನವಲಗುಂದ, ಸವದತ್ತಿಯ ರೈತರು ಕೂಡಿಕೊಂಡು ಸಮಿತಿ ಮಾಡಿಕೊಂಡರು, ಅರ್ಜಿ ಕೊಟ್ಟರು, ಸತ್ಯಾಗ್ರಹ ಕೂತರು. ಜುಲೈ 21ರಂದು ನರಗುಂದದ ತಹಶೀಲ್ದಾರ್ ಕಚೇರಿಯ ಮುಂದೆ ನಡೆದ ಗಲಾಟೆಯಲ್ಲಿ ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಜನರ ಸಿಟ್ಟಿಗೆ ಪೊಲೀಸರೂ ಸತ್ತರು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು. ಸುದ್ದಿ ಇಡೀ ರಾಜ್ಯಕ್ಕೆ ಹಬ್ಬಿತು. ಗುಂಡೂರಾವ್ ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಸಲ ರಾಜ್ಯದಲ್ಲಿ ಅಧಿಕಾರ ಕಳಕೊಂಡದ್ದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ಇವತ್ತಿಗೂ ಜುಲೈ 21 ನರಗುಂದದಲ್ಲಿ ರೈತ ಹುತಾತ್ಮರ ದಿನ. 2015ರಲ್ಲಿ ಮಹದಾಯಿ ನೀರಿಗಾಗಿ ಮತ್ತೆ ಅದೇ ಊರಿನಲ್ಲಿ ಪೆಂಡಾಲ್ ಹಾಕಿ ರೈತರು ವರ್ಷಗಟ್ಟಲೆ ಕೂತರು.

ಈ ಕಥೆಯಲ್ಲಿ ಕಪ್ಪು ಅಂಗಿಯವ ಎಲ್ಲಿದ್ದಾನೆ? ಇಲ್ಲ. ಧೋತರ, ಟೊಪ್ಪಿಗೆ, ಹೆಗಲ ಮೇಲೆ ಟಾವೆಲ್ ಹಾಕಿಕೊಂಡ ಸಾವಿರಾರು ಮಂದಿ ಇದ್ದಾರೆ. ಅವರು ತಪ್ಪೂ ಮಾಡಿದರು, ಬೆಲೆಯನ್ನೂ ತೆತ್ತರು. ಆದರೆ ಯಾರೋ ಒಬ್ಬ ಬಂದು ನಮಗೆ ನೀರು ಕೊಡಲಿ ಅಂತ ಕಾಯಲಿಲ್ಲ. 'ಸರ್ಕಾರ ಕೊಡದಿದ್ದರೆ ಡಾನ್ ಕೊಡುತ್ತಾನೆ' ಅನ್ನುವ ಸಿನಿಮಾದ ಮಾತನ್ನು ಬೇರೆ ಊರಿನವರು ನಂಬಿದರೂ ನಮ್ಮ ಮೂರು ತಾಲೂಕಿನವರು ನಂಬಬಾರದು. ನಮ್ಮ ಊರುಗಳಲ್ಲಿ ಮಾಫಿಯಾ ಅಂದರೆ ನಿಜಕ್ಕೂ ಏನು? ಮೀಟರ್ ಬಡ್ಡಿ, ಮಟ್ಕಾ ಚೀಟಿ, ರಾತ್ರಿ ಓಡುವ ಮರಳಿನ ಟಿಪ್ಪರ್. ಇವರಲ್ಲಿ ಯಾರೂ ನಳ ಹಾಕಿಸಿದ್ದನ್ನು ನಾನು ನೋಡಿಲ್ಲ. ಜಾತ್ರೆಗೆ ದೇಣಿಗೆ ಕೊಟ್ಟು ಬ್ಯಾನರ್ ಹಾಕಿಸಿಕೊಂಡದ್ದನ್ನು ನೋಡಿದ್ದೇನೆ.

ನರಗುಂದದವ ಇನ್ನೊಂದು ಮಾತು ಹೇಳಿದ. ಅವರೂರಿನ ಗುಡ್ಡದ ಮೇಲಿನ ಕೋಟೆಯ ಕಥೆ. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು, ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಹೋದದ್ದು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೆ ಹಾಕಿದ್ದು ನಮಗೆಲ್ಲ ಗೊತ್ತು. ಕೋಟೆ ಅಷ್ಟು ಬೇಗ ಯಾಕೆ ಬಿತ್ತು ಅಂದರೆ ಊರಿನವರು ಹೇಳುವ ಕಾರಣ ಬೇರೆ. ಬ್ರಿಟಿಷರ ಜೊತೆ ಒಳಗೊಳಗೆ ಕೈಜೋಡಿಸಿದ್ದ ಕೋಟೆಯೊಳಗಿನವರೇ ತೋಪಿನ ಮದ್ದಿಗೆ ಸಗಣಿ, ಸುಟ್ಟ ಸಜ್ಜೆ ಬೆರೆಸಿಟ್ಟಿದ್ದರಂತೆ. ಹೊತ್ತಿಗೆ ಮದ್ದು ಹಾರಲಿಲ್ಲವಂತೆ.

"ಈಗ ಹೇಳು" ಅಂದ ನರಗುಂದದವ, "ಅವರೂ ಮಫ್ತಿಯೊಳಗ ಇದ್ದವರ ಅಲ್ಲೇನು? ಬ್ರಿಟಿಷರ ಕಡೆಯಿಂದ ನೋಡಿದ್ರ ಅವರ ಹೀರೋ."

ರೂಮು ಸ್ವಲ್ಪ ಹೊತ್ತು ಸುಮ್ಮನಾಯಿತು. ಒಳಗೆ ಹೋಗಿ ನಂಬಿಸಿ ಹಿಡಿದುಕೊಡುವ ಕೆಲಸ ಎರಡೂ ಕಡೆ ಒಂದೇ. ಒಂದು ಕಡೆ ಅದಕ್ಕೆ ಶೌರ್ಯ ಪದಕ, ಇನ್ನೊಂದು ಕಡೆ ನೂರೈವತ್ತು ವರ್ಷ ದಾಟಿದರೂ ಬೈಗುಳ. ವ್ಯತ್ಯಾಸ ಮಾಡುವುದು ಏನು? ಕಳಿಸಿದವರು ಯಾರು, ಯಾರಿಗೋಸ್ಕರ ಕಳಿಸಿದರು, ಆಮೇಲೆ ನಾಲ್ಕು ಮಂದಿ ಮುಂದೆ, ಕೋರ್ಟಿನ ಮುಂದೆ ಅದನ್ನು ಒಪ್ಪಿಕೊಳ್ಳಲು ಆಗುತ್ತದಾ ಅನ್ನೋದು. ಕಾನೂನು ಅನ್ನುವುದನ್ನು ತೆಗೆದುಬಿಟ್ಟರೆ ಮಫ್ತಿಯ ಪೊಲೀಸನಿಗೂ ಕೋಟೆಯ ದ್ರೋಹಿಗೂ ನಡುವೆ ಉಳಿಯುವುದು ಹಿನ್ನೆಲೆ ಸಂಗೀತ ಮಾತ್ರ. ಅದಕ್ಕೇ ಕೊನೆಗೆ ಕಾನೂನನ್ನೇ ಬದಿಗಿಟ್ಟು ಡಾನ್‌ಗೆ ಕೈಮುಗಿಯುವ ಸಿನಿಮಾ ತನ್ನ ಹೀರೋನನ್ನೇ ಚಿಕ್ಕವನನ್ನಾಗಿ ಮಾಡುತ್ತದೆ ಅಂತ ನನಗನ್ನಿಸುವುದು.

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಮಫ್ತಿ ಇದ್ದಾನೆ. ನಮ್ಮವ್ವನ ತಮ್ಮ, ನನ್ನ ಸೋದರಮಾವ. ಒಂದು ಕಿರಾಣಿ ಅಂಗಡಿ, ನಾಲ್ಕೆಕರೆ ಎರಿ ಹೊಲ.

ಅಜ್ಜ ತೀರಿಕೊಂಡ ಮೇಲೆ ಹೊಲದ ಕಾಗದ ತನ್ನ ಹೆಸರಿಗೆ ಮಾಡಿಸಲು ಮಾಮಾ ಒಂದು ಕಚೇರಿಗೆ ಎಂಟು ತಿಂಗಳು ಅಲೆದ. ಕೊನೆಗೆ ಅಲ್ಲಿಯ ಒಬ್ಬರು 9000 ರೂಪಾಯಿ ಕೇಳಿದರು. ಮಾಮಾ ಲೋಕಾಯುಕ್ತಕ್ಕೆ ದೂರು ಕೊಟ್ಟ. ಟ್ರ್ಯಾಪ್ ಅಂದರೆ ಏನು ಅಂತ ನಮ್ಮ ಓದುಗರಿಗೆ ಕೆಮಿಸ್ಟ್ರಿಯಿಂದ ಹೇಳಬಹುದು. ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಹಚ್ಚುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣ. ಪಿಯುಸಿಯಲ್ಲಿ ನಾವು ಟೈಟ್ರೇಶನ್ ಮಾಡಿ ಕಂಡ ಅದೇ ಗುಲಾಬಿ. ಆ ನೀರನ್ನು ಬಾಟಲಿಗೆ ಹಾಕಿ ಸೀಲ್ ಮಾಡುತ್ತಾರೆ. ಅದೇ ಸಾಕ್ಷಿ. ಜೊತೆಗೆ ಒಬ್ಬ ಸಾಕ್ಷಿದಾರ ನೆರಳಿನಂತೆ ಹೋಗುತ್ತಾನೆ. ದೂರು ಕೊಟ್ಟವರಿಗೆ ಹೇಳುವುದು ಒಂದೇ: ಅವರಾಗಿ ಕೇಳುವ ತನಕ ನೋಟು ತೆಗೆಯಬೇಡ, ಕೊಟ್ಟ ಮೇಲೆ ಹೊರಗೆ ಬಂದು ಸನ್ನೆ ಮಾಡು. ಮಾಮಾನ ಸನ್ನೆ ಟಾವೆಲ್‌ನಿಂದ ಮುಖ ಒರೆಸಿಕೊಳ್ಳುವುದು.

ಎಲ್ಲ ಸರಿಯಾಗಿ ಆಯಿತು. ನೀರು ಗುಲಾಬಿಯಾಯಿತು. ಮಾಮಾ ಆಮೇಲೆ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ ಬಂದ. ನಾನು ಆಗ ಹೈಸ್ಕೂಲು. ನನ್ನ ಕಣ್ಣಿಗೆ ಅವನೇ ಗಣ. "ಮಾಮಾ, ನಿನಗ ಹೆದರಿಕಿ ಆಗಲಿಲ್ಲೇನು?" ಅಂತ ಕೇಳಿದೆ. ಹೆದರಿಕೆಯ ಮಾತು ಅವನು ಆಡಲೇ ಇಲ್ಲ.

"ಅಳಿಯಾ, ಅವತ್ತ ಆ ಮನಷ್ಯಾ ನನಗ ಕುರ್ಚಿ ಕೊಟ್ಟ. ಎಂಟ ತಿಂಗಳದಾಗ ಅದ ಮೊದಲ್ನೇ ಸಲ. ಚಾ ತರಸಿದ. ನಿಮ್ಮಪ್ಪಾರು ಭಾಳ ಒಳ್ಳೇ ಮನಷ್ಯಾ ಇದ್ರು ಅಂದ. ಆ ಚಾ ನನಗ ಕುಡಿಲಿಕ್ಕೆ ಆಗಲಿಲ್ಲ ನೋಡು. ಆರಿ ಹೋತು."

ಊರಿನಲ್ಲಿ ಆಮೇಲೆ ಏನಾಯಿತು ಅಂತ ಕೇಳಿದರೆ, ಯಾರೂ ಸೀಟಿ ಹೊಡೆಯಲಿಲ್ಲ. "ಪಾಪ, ಮಕ್ಕಳೊಂದಿಗ, ಹಂಗ ಹಿಡಿಸಬಾರದಿತ್ತು" ಅಂದವರು ಹೆಚ್ಚು. ಲಂಚ ಕೊಟ್ಟು ಕೊಟ್ಟು ಸಾಕಾದವರೇ ಹಾಗಂದರು. ಒಂದಿಷ್ಟು ದಿನ ಅಂಗಡಿಗೆ ಗಿರಾಕಿ ಕಡಿಮೆಯಾದರು. ನನ್ನ ಅತ್ತೆ ಅತ್ತಳು. ಆದರೆ ಮಾಮಾ ಒಂದು ಸಲವೂ "ತಪ್ಪು ಮಾಡಿದೆ" ಅನ್ನಲಿಲ್ಲ, "ಭಾರೀ ಕೆಲಸ ಮಾಡಿದೆ" ಅಂತಲೂ ಅನ್ನಲಿಲ್ಲ. ಅವನ ಪ್ರಕಾರ ಆ ಮನುಷ್ಯ ಚಾ ಕೊಟ್ಟದ್ದೂ ನಿಜ, ದುಡ್ಡು ಕೇಳಿದ್ದೂ ನಿಜ. ಎರಡನ್ನೂ ನೆನಪಿಟ್ಟುಕೊಂಡೇ ಅವನು ಕಟಕಟೆಯಲ್ಲಿ ನಿಂತ.

ನನಗೆ ಬೇಕಾದ ಸಿನಿಮಾ ಅದು. ಎದುರಿನವನನ್ನು ದೇವರು ಮಾಡಿ ತಪ್ಪಿಸಿಕೊಳ್ಳದ, ರಾಕ್ಷಸ ಮಾಡಿಯೂ ತಪ್ಪಿಸಿಕೊಳ್ಳದ ಸಿನಿಮಾ. 'ಮಫ್ತಿ' ಅದರ ಬಾಗಿಲ ತನಕ ಬಂದು ನಿಂತಿತ್ತು ಅನ್ನೋದಕ್ಕೇ ನನಗೆ ಅದರ ಮೇಲೆ ಇಷ್ಟು ಪ್ರೀತಿ, ಇಷ್ಟು ಸಿಟ್ಟು. ಶಿವಣ್ಣನಂಥ ನಟ ಸುಮ್ಮನೆ ಕೂತು ನೋಡಿದರೂ ಸಾಕು, ಎದುರಿಗಿದ್ದ ಪೊಲೀಸನ ಕೈ ನಡುಗುತ್ತದೆ. ಅಂಥವರಿಗೆ ಒಬ್ಬ ನಿಜವಾದ ಡಾನ್ ಪಾತ್ರ ಕೊಡಿ. ಊರಿನವರು ಹೆದರುವ, ಮಕ್ಕಳನ್ನು ಮುದ್ದು ಮಾಡುವ, ಬಡ್ಡಿಗೆ ಹೊಲ ಬರೆಸಿಕೊಳ್ಳುವ ಒಬ್ಬ ಮನುಷ್ಯನ ಪಾತ್ರ. ಆಗ ಗಣ ಏನು ಮಾಡುತ್ತಾನೆ ನೋಡೋಣ.

ರೋಣದವ ಪೂರ್ತಿ ಒಪ್ಪಿಲ್ಲ. "ಎಲ್ಲಾ ಖರೆ, ಆದ್ರ ಹಂಗ ಮಾಡಿದ್ರ ಸೀಟಿ ಎಲ್ಲಿ ಹೊಡೀಬೇಕಲೇ?" ಅಂತ ಈಗಲೂ ಕೇಳುತ್ತಾನೆ. ಅದೂ ಸಣ್ಣ ಪ್ರಶ್ನೆ ಅಲ್ಲ. ನಾವು ಸಿನಿಮಾಕ್ಕೆ ಹೋಗುವುದೇ ಸೀಟಿ ಹೊಡೆಯಲು. ಎಂಟು ದಿನಕ್ಕೊಮ್ಮೆ ನಳ ಬರುವ ಊರಿನ ಹುಡುಗ ಎರಡೂವರೆ ತಾಸು ಕಪ್ಪು ಅಂಗಿಯವನನ್ನು ನೋಡಿ ಖುಷಿಪಟ್ಟರೆ ಅದರಲ್ಲಿ ತಪ್ಪೇನಿಲ್ಲ. ನಾನು ಕೇಳುವುದು ಇಷ್ಟೇ: ನೂರರಲ್ಲಿ ಒಂದಾದರೂ ಸಿನಿಮಾ ನಮ್ಮ ಮಾಮಾನಂಥವರಿಗೂ ಇರಲಿ.

ಸದ್ಯಕ್ಕೆ ನಮ್ಮ ಕಿರುಚಿತ್ರದ ಗ್ಯಾಂಗು, ಗನ್ನು ಎರಡನ್ನೂ ಬಿಟ್ಟಿದ್ದೇವೆ. ಒಂದು ಮೇಜು, ಎರಡು ಕುರ್ಚಿ, ಒಂದು ಕಪ್ ಚಾ. ಹನ್ನೆರಡು ನಿಮಿಷ. ಬಜೆಟ್ಟೂ ಉಳಿಯಿತು ಅಂತ ಖಜಾಂಚಿ ಖುಷಿಯಾಗಿದ್ದಾನೆ. ಚಾ ಕೊಡುವ ಅಧಿಕಾರಿಯ ಪಾತ್ರಕ್ಕೆ ಐವತ್ತರ ಆಸುಪಾಸಿನ ಒಬ್ಬರು ಬೇಕು. ನೋಡಿದರೆ ಒಳ್ಳೆಯವರ ಹಾಗೆ ಕಾಣಬೇಕು. ನಮ್ಮ ಕಾಲೇಜಿನ ಸಿಬ್ಬಂದಿಯಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ದಯವಿಟ್ಟು ನಮ್ಮ ರೂಮಿಗೆ ಹೇಳಿ ಕಳಿಸಿ. ರೋಣ, ನರಗುಂದ, ಗಜೇಂದ್ರಗಡ, ಯಾವ ಊರನ್ನು ಕರೆದರೂ ಎದ್ದು ಬರುತ್ತದೆ.